ಪಾಸ್‌ವರ್ಡಿಗೆ ಮನೆದೇವರು

ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿರಲಿಲ್ಲ. ಪ್ರಿನ್ಸಿಪಾಲರೇ ಬಂದರೂ ಬಾಗಿಲಲ್ಲಿ ಬೂಟು ಬಿಚ್ಚಿ, ಕಾಲುಚೀಲದಲ್ಲೇ ಒಳಗೆ ಬರಬೇಕು. ಧೂಳು ಬಿದ್ದರೆ ಕಂಪ್ಯೂಟರ್ ಕೆಟ್ಟುಹೋಗುತ್ತದೆ ಅಂತ ಯಾರೋ ಹೇಳಿದ್ದನ್ನು ನಾವೆಲ್ಲ ನಂಬಿದ್ದೆವು. ಆಯುಧಪೂಜೆಯ ದಿನ ಮಾತ್ರ ಅದೇ ಕಂಪ್ಯೂಟರುಗಳ ನೆತ್ತಿಗೆ ಅರಿಶಿನ ಕುಂಕುಮ ಮೆತ್ತಿ, ಕೀಬೋರ್ಡಿನ ಮೇಲೆ ಚೆಂಡುಹೂವಿನ ಎಸಳು ಉದುರಿಸಿ, ಊದುಬತ್ತಿಯ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಮಂಗಳಾರತಿ ಮಾಡುತ್ತಿದ್ದೆವು. ಆ ದಿನ ಧೂಳಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ನಾನು ಸತ್ಯಭಾಮಾ. ಜಯನಗರದ ಆ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಕಂಪ್ಯೂಟರ್ ಪಾಠ ಹೇಳಿ, ಈಗ ಶ್ರೀನಗರದ ಮನೆಯಲ್ಲಿ ಆರಾಮಾಗಿದ್ದೇನೆ. ಆರಾಮು ಅಂದರೆ, ರೇಗುವುದಕ್ಕೆ ಎದುರಿಗೆ ಯಾರೂ ಇಲ್ಲದ ಆರಾಮು. ನನಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಮಕ್ಕಳು ಬೆನ್ನ ಹಿಂದೆ ‘ಸಿಡಿಮಿಡಿ ಮೇಡಂ’ ಅನ್ನುತ್ತಿದ್ದರು, ನನಗದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಆಗುತ್ತಿತ್ತು. ಆದರೆ ಉಮಾಶ್ರೀ ವಿಷಯದಲ್ಲಿ ನಾನು ರೇಗಬೇಕಾಗಿದ್ದದ್ದು ನನ್ನ ಮೇಲೆ. ಅದು ತಿಳಿಯುವ ಹೊತ್ತಿಗೆ ತುಂಬಾ ತಡವಾಗಿತ್ತು.

ಎಲ್ಲಾ ಶುರುವಾಗಿದ್ದು ತೊಂಬತ್ತೊಂಬತ್ತರಲ್ಲಿ. ಕಾಲೇಜಿಗೆ ಆ ವರ್ಷ ಇಂಟರ್‌ನೆಟ್ ಬಂತು. ಬಂತು ಅಂದರೆ ಹನ್ನೆರಡು ಕಂಪ್ಯೂಟರುಗಳ ಪೈಕಿ ಒಂದಕ್ಕೆ ಬಂತು. ಮೋಡೆಮ್ ಕಿರ್ರೋ ಎಂದು ಕಿರುಚಿ, ಕೆಮ್ಮಿ, ಕೊನೆಗೊಮ್ಮೆ ಸುಮ್ಮನಾದಾಗ ಸುತ್ತ ನಿಂತಿದ್ದ ಮೇಷ್ಟ್ರುಗಳೆಲ್ಲ ಚಪ್ಪಾಳೆ ಹೊಡೆಯುತ್ತಿದ್ದರು. ಯಾರಾದರೂ ಆಫೀಸಿನಲ್ಲಿ ಫೋನ್ ಎತ್ತಿದರೆ ಲೈನ್ ಕಟ್ ಆಗುತ್ತಿತ್ತು. ಆಗ ಲ್ಯಾಬ್ ಅಟೆಂಡರ್ ಯಲ್ಲಪ್ಪ ಬರಿಗಾಲಲ್ಲಿ ಕಾರಿಡಾರಿನುದ್ದಕ್ಕೂ ಓಡುತ್ತಾ, “ಫೋನ್ ಇಡ್ರಪ್ಪೋ, ಇಂಟರ್‌ನೆಟ್ ಓಯ್ತು!” ಅಂತ ಕೂಗುತ್ತಿದ್ದ. ಯಲ್ಲಪ್ಪ ಚಿಕ್ಕಲಸಂದ್ರದ ಹಳೇ ಮನೆತನದವನು. ಅಲ್ಲಿ ರಾಗಿ ಹೊಲಗಳಿದ್ದ ಕಾಲವನ್ನು ಕಂಡವನು. ನನಗಿಂತ ಹತ್ತು ವರ್ಷ ದೊಡ್ಡವನಾದರೂ ನನ್ನ ಮಾತೆಂದರೆ ಅವನಿಗೆ ವೇದವಾಕ್ಯ. ನನ್ನ ಮಾತನ್ನು ಹಾಗೆ ನಂಬಬಾರದಾಗಿತ್ತು.

ಪ್ರಿನ್ಸಿಪಾಲ್ ಸಂಜೀವಯ್ಯನವರಿಗೆ ಇಂಟರ್‌ನೆಟ್ ಬಂದದ್ದೇ ತಡ, ಹುರುಪು ಹುಟ್ಟಿತು. ಸಿಬ್ಬಂದಿಯೆಲ್ಲ ಕಡ್ಡಾಯವಾಗಿ ಈಮೇಲ್ ಮಾಡಿಸಬೇಕು, ಸತ್ಯಭಾಮಾ ಮೇಡಂ ಎಲ್ಲರಿಗೂ ಮೂರು ದಿನ ತರಬೇತಿ ಕೊಡಬೇಕು ಅಂತ ಸುತ್ತೋಲೆ ಹೊರಡಿಸಿದರು. ಮೊದಲ ದಿನ ಎಲ್ಲರಿಗೂ ಖಾತೆ ತೆರೆಸಿದೆ. ಎರಡನೇ ದಿನ ಬಂದು ನೋಡಿದರೆ ಒಬ್ಬರಿಗೂ ಪಾಸ್‌ವರ್ಡ್ ನೆನಪಿಲ್ಲ. ಇಂಗ್ಲಿಷ್ ಪಾಠ ಮಾಡುವ ವಿಜಯಲಕ್ಷ್ಮಿ ಅಂಗೈ ಮೇಲೆ ಬರೆದುಕೊಂಡಿದ್ದರಂತೆ, ಪಾತ್ರೆ ತೊಳೆಯುವಾಗ ಅಳಿಸಿಹೋಯಿತಂತೆ. ಮತ್ತೆ ಎಲ್ಲರಿಗೂ ಹೊಸ ಖಾತೆ. ಮೂರನೇ ದಿನ ಮತ್ತದೇ ಹಾಡು. ನನಗೆ ರೇಗಿಹೋಯಿತು.

“ಮಕ್ಕಳ ಹೆಸರು ಮರೆತರೂ ನೀವ್ಯಾರೂ ಮರೀದೇ ಇರೋ ಹೆಸರು ಯಾವ್ದು ಹೇಳಿ? ಮನೆದೇವ್ರದ್ದು! ಅದನ್ನೇ ಇಟ್ಕೊಳ್ಳಿ. ಹೋಗಿ, ಇನ್ನೊಂದ್ಸಲ ಬಂದು ನನ್ನ ತಲೆ ತಿನ್ಬೇಡಿ” ಅಂದೆ.

ಲ್ಯಾಬಿಗೆ ಲ್ಯಾಬೇ ಹೌದೌದು ಎಂದಿತು. ಸಂಜೀವಯ್ಯನವರಂತೂ ಕುರ್ಚಿಯಿಂದ ಎದ್ದು ನಿಂತು, “ಭೇಷ್ ಮೇಡಂ! ದಿನಾ ಟೈಪ್ ಮಾಡಿದ್ರೆ ನಾಮಸ್ಮರಣೆನೂ ಆದ ಹಾಗಾಯ್ತು” ಅಂದರು. ಲೈಬ್ರರಿಯ ಮಹೇಶ್ ಒಬ್ಬ ಮಾತ್ರ ಹಿಂದಿನ ಸಾಲಿನಿಂದ ಕೈಯೆತ್ತಿ, “ಮೇಡಂ, ನಾವು ಬೌದ್ಧರು. ನಮಗೆ ಮನೆದೇವ್ರು ಅಂತ ಇಲ್ವಲ್ಲಾ, ಏನ್ ಮಾಡ್ಲಿ?” ಎಂದು ಕೇಳಿದ. “ಏನಾದ್ರೂ ಇಟ್ಕೋಪ್ಪಾ” ಅಂದು ಅವನನ್ನು ಸುಮ್ಮನಾಗಿಸಿದೆ. ಮರುದಿನದಿಂದ ಯಾರೂ ಪಾಸ್‌ವರ್ಡ್ ಮರೆಯಲಿಲ್ಲ. ನಾನು ಬೀಗಿದೆ. ಆ ವರ್ಷ ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಬೀದಿಯಲ್ಲಿ ಯಾರು ಸಿಕ್ಕರೂ ಆ ಕಥೆ ಹೇಳಿಯೇ ಮುಂದೆ ಹೋಗುತ್ತಿದ್ದೆ.

ಈಗ ನೆನಸಿಕೊಂಡರೆ ಅವು ಒಳ್ಳೆಯ ದಿನಗಳು. ಒಂದು ಮೇಲ್ ಬಂದರೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳುತ್ತಿದ್ದೆವು. ವಿಜಯಲಕ್ಷ್ಮಿ ಪಕ್ಕದ ಟೇಬಲಿನಲ್ಲಿ ಕೂತೇ ನನಗೆ ‘ಊಟ ಆಯ್ತಾ’ ಎಂದು ಮೇಲ್ ಕಳಿಸಿ, ಆಮೇಲೆ ಎದ್ದುಬಂದು, “ಬಂತಾ?” ಅಂತ ಕೇಳುತ್ತಿದ್ದರು. ಅದರೊಳಗೆ ಕೆಟ್ಟದ್ದು ಬರಬಹುದು ಅಂತ ನಮಗೆ ಹೊಳೆದೇ ಇರಲಿಲ್ಲ.

ಕೆಟ್ಟದ್ದು ಬಂದದ್ದು ಎರಡು ಸಾವಿರದ ಆರರ ಮಾರ್ಚಿನಲ್ಲಿ. ಅಷ್ಟು ಹೊತ್ತಿಗೆ ಲ್ಯಾಬಿನಲ್ಲಿ ನಲವತ್ತು ಕಂಪ್ಯೂಟರು, ಬೀದಿಗೊಂದು ಸೈಬರ್ ಕೆಫೆ, ವಿದ್ಯಾರ್ಥಿಗಳಿಗೆಲ್ಲ ಈಮೇಲ್. ಒಂದು ಸೋಮವಾರ ಬೆಳಿಗ್ಗೆ ಕಾಲೇಜಿನ ಅಷ್ಟೂ ಮೇಷ್ಟ್ರುಗಳಿಗೆ ಒಂದು ಮೇಲ್ ಬಂದಿತ್ತು. ವಿಜಯಲಕ್ಷ್ಮಿಯವರ ಬಗ್ಗೆ ಹೊಲಸು ಹೊಲಸಾಗಿ ಬರೆದಿದ್ದರು. ಆಕೆ ಮದುವೆಯಾಗದೆ ತಾಯಿಯನ್ನು ನೋಡಿಕೊಂಡಿದ್ದವರು. ಸ್ಟಾಫ್ ರೂಮಿನ ಮೂಲೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಎರಡು ದಿನ ಕ್ಲಾಸಿಗೆ ಹೋಗಲಿಲ್ಲ.

ಮೇಲ್ ಬಂದಿದ್ದದ್ದು ಫೈನಲ್ ಬಿ.ಕಾಂ. ಉಮಾಶ್ರೀ ಖಾತೆಯಿಂದ. ಬಾದಾಮಿ ಕಡೆಯ ಹುಡುಗಿ. ಕೊರಿಯರ್ ಆಫೀಸಿನಲ್ಲಿ ಕೆಲಸ ಮಾಡುವ ಅಣ್ಣ ಸಂಗಮೇಶನ ಜೊತೆ ಬಿ.ಟಿ.ಎಂ. ಲೇಔಟಿನ ಬಾಡಿಗೆ ಮನೆಯಲ್ಲಿದ್ದಳು. ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು. ಎರಡನೇ ಬೆಂಚಿನಲ್ಲಿ ಕೂತು, ನಾನು ಹೇಳಿದ್ದನ್ನೆಲ್ಲ ನೀಟಾಗಿ ಬರೆದುಕೊಳ್ಳುತ್ತಿದ್ದಳು. ವಿಚಾರಣೆಗೆ ಅಂತ ಸಂಜೀವಯ್ಯನವರು ಮೂವರ ಕಮಿಟಿ ಮಾಡಿದರು. ಕಂಪ್ಯೂಟರ್ ಗೊತ್ತಿರುವವಳು ಅಂತ ನಾನೂ ಅದರಲ್ಲಿದ್ದೆ. “ಐಡಿ ಅವಳದ್ದು, ಪಾಸ್‌ವರ್ಡ್ ಅವಳದ್ದು, ಇನ್ಯಾರು ಬರೀತಾರೆ?” ಅಂದರು ಪ್ರಿನ್ಸಿಪಾಲರು. ನನ್ನ ಕಣ್ಣೆದುರು ವಿಜಯಲಕ್ಷ್ಮಿಯ ಅಳು ಇತ್ತು, ಮೈಯೆಲ್ಲ ಉರಿಯುತ್ತಿತ್ತು. ಆ ಹುಡುಗಿಯನ್ನು ಒಳಗೆ ಕರೆದು ಒಂದು ಪ್ರಶ್ನೆಯನ್ನೂ ಕೇಳದೆ ಕಾಗದಕ್ಕೆ ಸಹಿ ಹಾಕಿದೆ. ತರಬೇತಿಯ ದಿನ ಇಡೀ ಕಾಲೇಜಿನ ಮುಂದೆ ಅವಳು ಕ್ಷಮಾಪಣೆ ಓದಬೇಕು, ಓದದಿದ್ದರೆ ಹಾಲ್ ಟಿಕೆಟ್ ಇಲ್ಲ ಅಂತ ಅದರಲ್ಲಿತ್ತು. ಕ್ಷಮಾಪಣೆಯ ಮಾತುಗಳನ್ನು ಬರೆದುಕೊಟ್ಟವಳೂ ನಾನೇ.

ತರಬೇತಿ ಅಂದೆನಲ್ಲ, ಅದು ನನ್ನ ಪಾಲಿಗೆ ಬಂದ ಇನ್ನೊಂದು ಕೆಲಸ. ಇಂಟರ್‌ನೆಟ್ಟಿನಲ್ಲಿ ಹುಷಾರಾಗಿರುವುದು ಹೇಗೆ ಅಂತ ಸಿಬ್ಬಂದಿಗೂ ವಿದ್ಯಾರ್ಥಿಗಳಿಗೂ ಒಂದು ದಿನದ ಕಾರ್ಯಕ್ರಮ ತಯಾರು ಮಾಡಿ ಅಂತ ಸಂಜೀವಯ್ಯನವರು ಹೇಳಿದರು. ಏಪ್ರಿಲ್ ಎರಡನೇ ಶನಿವಾರ ಗೊತ್ತಾಯಿತು. ನಾನು ಮೂರು ವಾರ ಕೂತು ನಲವತ್ತು ಸ್ಲೈಡು ಮಾಡಿದೆ. ವೈರಸ್ಸು, ಲಾಟರಿ ಬಂದಿದೆ ಅನ್ನುವ ಮೇಲು, ಗುರುತಿಲ್ಲದವರ ಚಾಟು, ಎಲ್ಲ ಇತ್ತು. ಒಂದು ಯೋಚನೆ ಹೊಳೆದು, ನಮ್ಮವರು ಎಂಥೆಂಥ ಪಾಸ್‌ವರ್ಡ್ ಇಡುತ್ತಾರೆ ಎಂದು ತಿಳಿಯಲು ಚೀಟಿ ಹಂಚಿಸಿದೆ. ಪಾಸ್‌ವರ್ಡ್ ಬರೆಯಬೇಡಿ, ಹೆಸರೂ ಬರೆಯಬೇಡಿ, ಅದು ಯಾವ ಬಗೆಯದು ಅಂತ ಮಾತ್ರ ಬರೆಯಿರಿ ಅಂದಿದ್ದೆ. ಯಲ್ಲಪ್ಪ ಒಂದು ಖಾಲಿ ಬಿಸ್ಕತ್ ಡಬ್ಬ ಹಿಡಿದು ಕ್ಲಾಸಿಂದ ಕ್ಲಾಸಿಗೆ ತಿರುಗಿ ಚೀಟಿ ತುಂಬಿಸಿಕೊಂಡು ಬಂದ.

ತರಬೇತಿಗೆ ಎರಡು ದಿನ ಇತ್ತು. ಗುರುವಾರ ಮಧ್ಯಾಹ್ನ ಊಟದ ಡಬ್ಬಿ ಪಕ್ಕಕ್ಕಿಟ್ಟು ಚೀಟಿಗಳನ್ನು ಬಿಡಿಸತೊಡಗಿದೆ. ‘ದೇವರ ಹೆಸರು.’ ‘ದೇವರ ಹೆಸರು.’ ‘ಮನೆದೇವರು.’ ‘ನಮ್ಮ ಮನೆದೇವರು ಮತ್ತು ಒಂದು ಎರಡು ಮೂರು.’ ಹತ್ತರಲ್ಲಿ ಎಂಟು ಚೀಟಿ ಹೀಗೇ. ಹದಿನೆಂಟು ವರ್ಷದ ಹುಡುಗರಿಗೆ ಇದ್ದಕ್ಕಿದ್ದ ಹಾಗೆ ಇಷ್ಟೊಂದು ಭಕ್ತಿ ಎಲ್ಲಿಂದ ಬಂತು ಅಂತ ನಗು ಬಂತು.

“ಏನ್ ಯಲ್ಲಪ್ಪ ಇದು, ಎಲ್ಲರೂ ಮನೆದೇವ್ರನ್ನೇ ಇಟ್ಟಿದ್ದಾರೆ?”

ಕಿಟಕಿ ಗಾಜು ಒರೆಸುತ್ತಿದ್ದ ಯಲ್ಲಪ್ಪ ಹೆಮ್ಮೆಯಿಂದ ತಿರುಗಿದ. “ನೀವೇ ಏಳಿದ್ದಲ್ವಾ ಮೇಡಂ? ಆವತ್ತಿಂದ ಪ್ರತಿ ವರ್ಸ ಒಸಾ ಮಕ್ಳು ಬಂದಾಗ ನಾನೇ ಏಳ್ಕೊಡ್ತೀನಿ. ಸತ್ಯಭಾಮಾ ಮೇಡಂ ರೂಲ್ಸು, ಮನೆದೇವ್ರ ಎಸ್ರು ಇಕ್ಕೊಳ್ಳಿ, ಮರಿಯಕ್ಕಿಲ್ಲ ಅಂತ. ಏಳು ವರ್ಸದಿಂದ ಒಬ್ಬರೂ ಮರ್ತಿಲ್ಲ ನೋಡಿ.”

ಕೈಯಲ್ಲಿದ್ದ ಚೀಟಿಯನ್ನು ಕೆಳಗಿಟ್ಟೆ. ನಮ್ಮ ಕಡೆ ಇಬ್ಬರು ಹೊಸದಾಗಿ ಪರಿಚಯವಾದರೆ ಏನು ಕೇಳುತ್ತಾರೆ? ಊರು ಯಾವುದು ಅಂತ ಕೇಳುತ್ತಾರೆ, ಆಮೇಲೆ ಮನೆದೇವರು ಯಾವುದು ಅಂತ ಕೇಳುತ್ತಾರೆ. ಅದನ್ನು ಹೇಳದೆ ಮುಚ್ಚಿಟ್ಟವರನ್ನು ನಾನು ಕಂಡಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ ಕೇಳಿದರೂ ಹೇಳುತ್ತೇವೆ, ಹೇಳಿ ಕೈಯನ್ನೂ ಮುಗಿಯುತ್ತೇವೆ. ಅಂಥದ್ದನ್ನು ನಾನು ಇಡೀ ಕಾಲೇಜಿಗೆ ಬೀಗದ ಕೈ ಮಾಡಿ ಕೊಟ್ಟಿದ್ದೆ.

ಯಲ್ಲಪ್ಪನನ್ನು ಕಳಿಸಿ ಉಮಾಶ್ರೀಯನ್ನು ಕರೆಸಿದೆ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ಬಾಗಿಲ ಹತ್ತಿರವೇ ನಿಂತಳು. ಒಂದು ತಿಂಗಳಲ್ಲಿ ಮುಖ ಸಣ್ಣಗಾಗಿತ್ತು.

“ಉಮಾಶ್ರೀ, ನಿಮ್ಮ ಮನೆದೇವ್ರು ಯಾವ್ದಮ್ಮ?”

“ಬನಶಂಕರಿ ರೀ ಮೇಡಂ. ಬಾದಾಮಿ ಬನಶಂಕರಿ” ಅಂದಳು. ಹೇಳಿದ್ದೇ ತಡ, ಅವಳ ಮುಖ ಬಿಳಿಚಿಕೊಂಡಿತು. ಜಾಣ ಹುಡುಗಿ, ನಾನು ಯಾಕೆ ಕೇಳಿದೆ ಅಂತ ಅವಳಿಗೆ ತಕ್ಷಣ ಹೊಳೆದಿತ್ತು.

ಬನಶಂಕರಿ. ಇಲ್ಲಿ ಒಂದು ಬಡಾವಣೆಗೂ ಅದೇ ಹೆಸರು. ಬಿ.ಟಿ.ಎಂ.ನಿಂದ ಅವಳು ದಿನಾ ಹತ್ತುವ ಬಸ್ಸಿನ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಅವಳ ಪಾಸ್‌ವರ್ಡ್ ಊರೆಲ್ಲ ತಿರುಗುತ್ತಿತ್ತು.

“ಇದನ್ನ ಯಾರಾದ್ರೂ ಕೇಳಿದ್ರಾ?”

“ಚಾಟಿನ್ಯಾಗ ಒಬ್ಬಾಕಿ ಗುರುತಾಗಿದ್ಲ್ರಿ. ನಾವೂ ಬಾಗಲಕೋಟಿ ಕಡೆಯವ್ರು ಅಂದ್ಲು. ನಿಮ್ಮ ಮನಿದೇವ್ರು ಯಾವುದು ಅಂತ ಕೇಳಿದ್ಲು. ನಮ್ಮೂರಾಕಿ ಅಂತ ಖುಷಿಲೆ ಹೇಳಿದೆ. ಎರಡು ದಿನದಾಗ ಆ ಮೇಲ್ ಹೋಗಿತ್ರಿ. ನನ್ನ ಪಾಸ್‌ವರ್ಡೂ ಬದಲಾಗಿತ್ತು. ನನಗ ನನ್ನ ಖಾತೆ ತೆಗೀಲಿಕ್ಕೆ ಬರಲಿಲ್ಲ.”

ಆ ‘ಒಬ್ಬಾಕಿ’ ಯಾರೆಂದು ಇವತ್ತಿಗೂ ಗೊತ್ತಿಲ್ಲ. ಮನೆದೇವರ ಗುಟ್ಟು ಗೊತ್ತಿದ್ದದ್ದರಿಂದ ನಮ್ಮ ಕಾಲೇಜಿನವರೇ ಯಾರೋ ಹೆಣ್ಣಿನ ಹೆಸರಿಟ್ಟುಕೊಂಡು ಆಡಿದ ಆಟ ಅದು. ಅದನ್ನು ಪತ್ತೆಹಚ್ಚುವಷ್ಟು ವಿದ್ಯೆ ನನಗಿರಲಿಲ್ಲ.

“ಇಷ್ಟೆಲ್ಲಾ ಆದ್ರೂ ನೀನ್ಯಾಕೆ ಬಂದು ಹೇಳ್ಲಿಲ್ಲ?” ಎಂದು ರೇಗಿದೆ. ನನ್ನ ಅಭ್ಯಾಸ ಅದು, ತಪ್ಪು ನನ್ನದಿದ್ದಾಗ ದನಿ ಇನ್ನೂ ಮೇಲೇರುತ್ತದೆ.

“ಯಾರಿಗೆ ಹೇಳ್ಲಿರಿ? ಪ್ರಿನ್ಸಿಪಾಲ್ ಸರ್ ಒಳಗ ಬಿಡಲಿಲ್ಲ. ನಮ್ಮಣ್ಣನ ಐಡಿಯಿಂದ ಅವರಿಗೆ ಮೇಲ್ ಬರದೆ. ಉತ್ತರ ಬರಲಿಲ್ಲ. ನೀವು ಕ್ಲಾಸಿನ್ಯಾಗ ನನ್ನ ಮಾರಿ ಸುದ್ದಾ ನೋಡತಿರಲಿಲ್ಲ. ಶನಿವಾರ ಆ ಕಾಗದ ಓದಿದ್ರ ನಾನ ಬರದೀನಿ ಅಂತ ಒಪ್ಪಿಕೊಂಡಂಗ ಆಕ್ಕೈತ್ರಿ. ಒಪ್ಪಿಕೊಂಡ್ರ ನಮ್ಮಣ್ಣ ಮರುದಿನಾನ ಊರಿಗೆ ಕರಕೊಂಡು ಹೋಗತಾನ. ನಮ್ಮವ್ವ ಪಾರವ್ವಗ ಮಾರಿ ಹೆಂಗ ತೋರಿಸ್ಲಿ ಅಂತಾನ. ಓದದಿದ್ರ ಪರೀಕ್ಷಾನ ಇಲ್ಲ. ಹೆಂಗ ಮಾಡಿದ್ರೂ ನನ್ನ ಓದು ಮುಗೀತ್ರಿ.”

‘ನೋಡೋಣ, ಹೋಗು’ ಅಂತ ಕೈಸನ್ನೆ ಮಾಡಿ ಕಳಿಸಿದೆ. ಮನೆದೇವರ ಹೆಸರಿಡಿ ಎಂದವಳು ನಾನೇ ಅಂತ ಅವಳಿಗೆ ಹೇಳುವ ಧೈರ್ಯ ಆ ದಿನ ಬರಲಿಲ್ಲ.

ಮರುದಿನ ಬೆಳಿಗ್ಗೆಯೇ ಸಂಜೀವಯ್ಯನವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ. ಸಿದ್ದಾಪುರದ ಒಂದು ವಠಾರದ ಮನೆಯಲ್ಲಿ, ಬೀದಿದೀಪದ ಕೆಳಗೆ ಓದಿ ಮೇಲೆ ಬಂದವರು. ಆದರೆ ಒಂದು ಸಲ ತೀರ್ಮಾನ ಮಾಡಿದರೆ ಮುಗಿಯಿತು.

“ಮೇಡಂ, ಮನೆದೇವ್ರ ಹೆಸರು ಹೇಳಿದ್ದಕ್ಕೆ ಖಾತೆ ತೆಗೆದ್ಬಿಟ್ರು ಅಂದ್ರೆ ಯಾರು ನಂಬ್ತಾರೆ? ಪ್ರೂಫ್ ಏನಿದೆ? ಕಮಿಟಿ ರಿಪೋರ್ಟಿಗೆ ನೀವೇ ಸೈನ್ ಹಾಕಿದ್ದೀರಲ್ಲಾ.”

“ಹಾಕಿದ್ದು ತಪ್ಪಾಯ್ತು ಸಾರ್.”

“ನಾಳೆ ಎರಡು ನಿಮಿಷ ನಿಂತು ಓದ್ಬಿಡ್ಲಿ. ಹಾಲ್ ಟಿಕೆಟ್ ಕೊಟ್ಬಿಡೋಣ. ದೊಡ್ಡದು ಮಾಡ್ಬೇಡಿ” ಅಂದು ಫೈಲು ಎಳೆದುಕೊಂಡರು. ಎರಡು ನಿಮಿಷ! ನನಗೆ ಎಷ್ಟು ಕೋಪ ಬಂತೆಂದರೆ, ಹೊರಗೆ ಬಂದು, ಲ್ಯಾಬಿನ ಅಭ್ಯಾಸದಿಂದ ಅವರ ಬಾಗಿಲಲ್ಲೂ ಬಿಟ್ಟಿದ್ದ ನನ್ನ ಎರಡು ಚಪ್ಪಲಿಯಲ್ಲಿ ಒಂದನ್ನು ಮಾತ್ರ ಹಾಕಿಕೊಂಡು ಅರ್ಧ ಕಾರಿಡಾರು ನಡೆದಿದ್ದೆ.

ಶನಿವಾರ ಸಭಾಂಗಣ ಕಿಕ್ಕಿರಿದಿತ್ತು. ಹೊರಗಡೆ ರಸ್ತೆಯುದ್ದಕ್ಕೂ ಗುಲ್‌ಮೊಹರ್ ಅರಳಿ ಕೆಂಪಗೆ ಉದುರುತ್ತಿತ್ತು, ಒಳಗೆ ಬಾಡಿಗೆಗೆ ತಂದ ಪ್ರೊಜೆಕ್ಟರ್ ಗುಂಯ್ ಎನ್ನುತ್ತಿತ್ತು. ಮೊದಲ ಸಾಲಿನ ತುದಿಯಲ್ಲಿ ಉಮಾಶ್ರೀ ಕೂತಿದ್ದಳು. ಕೈಯಲ್ಲಿ ನಾನು ಬರೆದುಕೊಟ್ಟ ಕಾಗದ. ಅವಳ ಹಿಂದೆ ಸಂಗಮೇಶ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಲೆ ತಗ್ಗಿಸಿದ್ದ. ಪಕ್ಕದ ಸಾಲಿನಲ್ಲಿ ವಿಜಯಲಕ್ಷ್ಮಿ.

ಸಂಜೀವಯ್ಯನವರು ಉದ್ಘಾಟನೆಯ ಮಾತಿಗೆ ನಿಂತರು. “ಹುಷಾರಾಗಿದ್ರೆ ಏನೂ ಆಗಲ್ಲ ಮಕ್ಕಳೇ. ಏಳು ವರ್ಷದಿಂದ ನನ್ನ ಖಾತೆ ಇದೆ. ಒಬ್ಬರ ಕೈಲೂ ಮುಟ್ಟಕ್ಕಾಗಿಲ್ಲ. ಬೇಕಾದ್ರೆ ನಮ್ಮ ಸತ್ಯಭಾಮಾ ಮೇಡಂ ಪರೀಕ್ಷೆ ಮಾಡ್ಲಿ!” ಎಂದರು. ಹುಡುಗರು ಚಪ್ಪಾಳೆ ತಟ್ಟಿದರು.

ನಾನು ಮೈಕಿನ ಮುಂದೆ ಬಂದೆ. ನಲವತ್ತು ಸ್ಲೈಡು ತಯಾರಿದ್ದವು. ಮೊದಲನೆಯದನ್ನೂ ಹಾಕಲಿಲ್ಲ.

“ಸಾರ್, ಶುಭಕಾರ್ಯ ಶುರು ಮಾಡೋ ಮುಂಚೆ ದೇವರನ್ನ ನೆನೀಬೇಕಲ್ವಾ. ನಿಮ್ಮ ಮನೆದೇವ್ರು ಯಾವ್ದು ಸಾರ್?”

“ಮಾಗಡಿ ರಂಗನಾಥಸ್ವಾಮಿ” ಅಂದರು, ಕುರ್ಚಿಯಲ್ಲಿ ಕೂತೇ ಎರಡೂ ಕೈ ಮುಗಿದರು.

ನಾನು ಪರದೆಯ ಮೇಲೆ ಅವರ ಈಮೇಲ್ ವಿಳಾಸ ಹೊಡೆದೆ, ಅದು ಕಾಲೇಜಿನ ನೋಟಿಸ್ ಬೋರ್ಡಿನಲ್ಲೇ ಇತ್ತು. ಪಾಸ್‌ವರ್ಡಿನ ಜಾಗದಲ್ಲಿ ರಂಗನಾಥ ಅಂತ ಹೊಡೆದೆ. ತೆರೆಯಲಿಲ್ಲ. ಯಾರೋ ನಕ್ಕರು. ಇದೂ ತೆರೆಯದಿದ್ದರೆ ಆ ಹುಡುಗಿ ಕಾಗದ ಓದಬೇಕಾಗುತ್ತದೆ ಅಂದುಕೊಂಡೆ. ಮಾಗಡಿ ರಂಗ ಅಂತ ಸೇರಿಸಿ ಹೊಡೆದೆ.

ಪ್ರಿನ್ಸಿಪಾಲರ ಅಂಚೆಪೆಟ್ಟಿಗೆ ಪರದೆಯ ತುಂಬ ತೆರೆದುಕೊಂಡಿತು.

ಸಭೆಯಲ್ಲಿ ಹೋ ಎಂದು ಗದ್ದಲವೆದ್ದಿತು. ಹುಡುಗರು ಬೆಂಚು ಬಡಿದರು. ಸಂಜೀವಯ್ಯನವರ ಮುಖ ಕೆಂಪಾಯಿತು. ನಾನು ತಕ್ಷಣ ಮುಚ್ಚಿಬಿಡಬೇಕು ಅಂತಲೇ ಇದ್ದೆ, ನನಗೆ ಬೇಕಾಗಿದ್ದದ್ದು ಬಾಗಿಲು ತೆರೆಯುತ್ತದೆ ಅಂತ ತೋರಿಸುವುದಷ್ಟೇ. ಆದರೆ ಗದ್ದಲ ತಾನಾಗೇ ನಿಂತುಹೋಯಿತು, ಮುಂದಿನ ಸಾಲಿನಿಂದ ಹಿಂದಿನವರೆಗೆ. ಎಲ್ಲರೂ ಪರದೆಯನ್ನೇ ನೋಡುತ್ತಿದ್ದರು. ನಾನೂ ತಿರುಗಿ ನೋಡಿದೆ.

ಪಟ್ಟಿಯಲ್ಲಿ ದಪ್ಪ ಅಕ್ಷರದ ಸಾಲುಗಳು. ಓದದೆ ಬಿಟ್ಟ ಮೇಲು ದಪ್ಪಗೆ ಕಾಣುತ್ತದೆ ಅನ್ನುವುದು ಆ ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ಸಂಗಮೇಶನ ಹೆಸರಿನಿಂದ ಬಂದ ಏಳು ಮೇಲು. ವಿಷಯದ ಜಾಗದಲ್ಲಿ ಏಳರಲ್ಲೂ ಒಂದೇ ಮಾತು, ಇಂಗ್ಲಿಷ್ ಅಕ್ಷರದ ಕನ್ನಡ: ಸರ್ ನಾನು ಉಮಾಶ್ರೀ, ಅದನ್ನು ಬರೆದಿದ್ದು ನಾನಲ್ಲ. ಮೊದಲನೆಯದು ಮಾರ್ಚಿನಲ್ಲಿ ಬಂದಿತ್ತು, ಕೊನೆಯದು ಹಿಂದಿನ ದಿನ.

ಸಂಜೀವಯ್ಯನವರು ಎದ್ದು ಪರದೆಯ ಹತ್ತಿರ ಹೋಗಿ ನಿಂತರು. ಅವರ ಮೇಲುಗಳನ್ನು ಟೈಪಿಸ್ಟು ಪ್ರಿಂಟು ತೆಗೆದುಕೊಡುತ್ತಿದ್ದಳು, ವಿಶ್ವವಿದ್ಯಾಲಯದ್ದನ್ನು ಮಾತ್ರ ತೆಗಿ ಎಂದು ಅವರೇ ಹೇಳಿದ್ದರಂತೆ. ಏಳೂ ಸಾಲುಗಳನ್ನು ಒಂದೊಂದಾಗಿ ಓದಿದರು. ಆಮೇಲೆ ಉಮಾಶ್ರೀ ಕಡೆ ತಿರುಗಿ, “ನೀನು ಏನೂ ಓದೋದು ಬೇಡಮ್ಮ. ಸೋಮವಾರ ಆಫೀಸಿಗೆ ಬಂದು ಹಾಲ್ ಟಿಕೆಟ್ ತಗೋ. ಕೂತ್ಕೋ” ಅಂದರು.

ಉಮಾಶ್ರೀ ಕೂರಲಿಲ್ಲ. ಕಾಗದ ಹಿಡಿದು ಎದ್ದು ನಿಂತಿದ್ದಳು.

“ಮತ್ತ ಇದನ್ನ ಯಾರು ಓದಾವ್ರ್ರಿ ಸರ್?” ಎಂದು ಕೇಳಿದಳು.

ಮುಖದಲ್ಲಿ ಕೊಂಕಿರಲಿಲ್ಲ. ತಪ್ಪು ನಡೆದಿದೆ, ಕ್ಷಮೆ ಕೇಳುವ ಕಾಗದ ತಯಾರಿದೆ, ಹಾಗಾದರೆ ಯಾರಾದರೂ ಓದಬೇಕಲ್ಲ ಅಂತ ನಿಜವಾಗಿಯೇ ಕೇಳಿದ್ದಳು. ನಾನು ವೇದಿಕೆಯಿಂದ ಇಳಿದು ಹೋಗಿ ಅವಳ ಕೈಯಿಂದ ಕಾಗದ ತೆಗೆದುಕೊಂಡೆ. ಅದರ ಮಡಿಕೆಗಳು ಬೆವರಿನಿಂದ ಮೆತ್ತಗಾಗಿದ್ದವು. ಮೈಕಿನ ಮುಂದೆ ಬಂದು ಅವಳ ಹೆಸರಿದ್ದ ಕಡೆ ನನ್ನ ಹೆಸರು ಹಾಕಿ ಓದಿದೆ.

“ಸತ್ಯಭಾಮಾ ಆದ ನಾನು ಮಾಡಿದ ತಪ್ಪಿನಿಂದ ಈ ಕಾಲೇಜಿನ ಮರ್ಯಾದೆಗೆ ಧಕ್ಕೆ ಬಂದಿದೆ. ವಿಜಯಲಕ್ಷ್ಮಿ ಮೇಡಂ ಅವರ ಮನಸ್ಸಿಗೆ ನೋವಾಗಿದೆ. ನನ್ನನ್ನು ನಂಬಿದವರ ನಂಬಿಕೆಗೆ ನಾನು ತಕ್ಕವಳಾಗಲಿಲ್ಲ. ಇದಕ್ಕಾಗಿ ಎಲ್ಲರ ಕ್ಷಮೆ ಕೇಳುತ್ತೇನೆ.”

ಒಂದು ಮಾತನ್ನೂ ತಿದ್ದಬೇಕಾಗಲಿಲ್ಲ. ಅಷ್ಟು ಚೆನ್ನಾಗಿ ನನಗೇ ಹೊಂದಿಕೊಂಡಿತು. ಕೊನೆಯಲ್ಲಿ ಮನೆದೇವರ ಹೆಸರಿಡಿ ಎಂದು ತೊಂಬತ್ತೊಂಬತ್ತರಲ್ಲಿ ಹೇಳಿದವಳು ನಾನೇ, ಯಲ್ಲಪ್ಪನ ತಪ್ಪೇನೂ ಇಲ್ಲ, ಉಮಾಶ್ರೀಯನ್ನು ಒಂದು ಮಾತೂ ಕೇಳದೆ ಸಹಿ ಹಾಕಿದವಳೂ ನಾನೇ ಅಂತ ಸೇರಿಸಿದೆ. ನನ್ನ ಕಣ್ಣಲ್ಲಿ ನೀರು ಬಂತು. ನಾಚಿಕೆಯಾಗಲಿಲ್ಲ. ವಿಜಯಲಕ್ಷ್ಮಿ ಎದ್ದು ಹೋಗಿ ಉಮಾಶ್ರೀ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡರು. ಸಂಗಮೇಶ ಕರ್ಚೀಫಿನಿಂದ ಮುಖ ಒರೆಸಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಲ್ಯಾಬಿನ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಸಿಬ್ಬಂದಿ, ವಿದ್ಯಾರ್ಥಿಗಳು ಸಾಲಾಗಿ ಬಂದು ಪಾಸ್‌ವರ್ಡ್ ಬದಲಾಯಿಸಿದರು. ಯಲ್ಲಪ್ಪ ಬಾಗಿಲಲ್ಲಿ ನಿಂತು, “ದೇವ್ರನ್ನ ಬುಟ್ಬುಡಿ, ಬ್ಯಾರೆ ಏನಾರ ಇಕ್ಕೊಳ್ಳಿ” ಅಂತ ಒಬ್ಬೊಬ್ಬರಿಗೂ ಹೇಳಿ ಒಳಗೆ ಬಿಡುತ್ತಿದ್ದ. ಸಿಬ್ಬಂದಿಯಲ್ಲಿ ಏನೂ ಬದಲಾಯಿಸುವುದು ಬೇಕಾಗದವನು ಮಹೇಶ್ ಒಬ್ಬನೇ. ಅವನು ಲೈಬ್ರರಿಯ ಕಿಟಕಿಯಿಂದ ನೋಡಿ ನಗುತ್ತಿದ್ದ. ಆಮೇಲೆ ಹಲವು ವರ್ಷ ಆ ತರಬೇತಿಯನ್ನು ನಡೆಸಿದೆವು, ಸುತ್ತಲಿನ ಕಾಲೇಜಿನವರೂ ಬಂದು ಕೇಳಿದರು. ಜನ ಅದನ್ನು ಹೊಗಳಿದಾಗಲೆಲ್ಲ ನನಗೆ ಒಳಗೆ ಚುಚ್ಚುತ್ತಿತ್ತು.

ಅವತ್ತೇ ಕಾರಿಡಾರಿನಲ್ಲಿ ಉಮಾಶ್ರೀಯನ್ನು ತಡೆದು, “ನನ್ನ ಮೇಲೆ ಸಿಟ್ಟಾ?” ಎಂದು ಕೇಳಿದ್ದೆ.

“ಹೌದ್ರಿ ಮೇಡಂ” ಅಂದಿದ್ದಳು. “ಪ್ರಿನ್ಸಿಪಾಲ್ ಸರ್‌ಗೆ ನಾ ಯಾರು ಅಂತ ಗೊತ್ತಿರಲಿಲ್ಲ. ನಿಮಗ ಗೊತ್ತಿತ್ತು.”

ಮೂರು ವರ್ಷ ನನ್ನ ಕಣ್ಣೆದುರು ಕೂತು ಬರೆದುಕೊಂಡ ಹುಡುಗಿ. ಅಂಥ ಮಾತುಗಳು ಅವಳ ಕೈಯಿಂದ ಬರುವುದಿಲ್ಲ ಅಂತ ತಿಳಿಯಲು ನನಗೆ ಕಂಪ್ಯೂಟರ್ ವಿದ್ಯೆ ಬೇಕಿರಲಿಲ್ಲ.

ಅವಳು ಪರೀಕ್ಷೆ ಬರೆದಳು. ಕೊನೆಯ ಪೇಪರಿನ ದಿನ ನಾನು ಕೆಲಸವಿಲ್ಲದಿದ್ದರೂ ಲ್ಯಾಬಿನ ಬಾಗಿಲು ತೆಗೆಸಿಕೊಂಡು ಕೂತಿದ್ದೆ. ಫೈನಲ್ ಇಯರ್ ಮಕ್ಕಳು ಒಬ್ಬೊಬ್ಬರಾಗಿ ಬಂದು ಕಾಲಿಗೆ ನಮಸ್ಕಾರ ಮಾಡಿ, ಆಟೋಗ್ರಾಫ್ ಹಾಕಿಸಿಕೊಂಡು, “ಹೋಗ್ಬರ್ತೀವಿ ಮೇಡಂ” ಎಂದು ಹೋಗುತ್ತಿದ್ದರು. ನಾಲ್ಕು ಗಂಟೆಯ ಹೊತ್ತಿಗೆ ಕಾರಿಡಾರು ಖಾಲಿಯಾಯಿತು. ಅವಳು ಬರಲಿಲ್ಲ. ಯಲ್ಲಪ್ಪ ಬೀಗ ಹಿಡಿದು ಎರಡು ಸಲ ಬಂದು ಹೋದ. ನಾಲ್ಕೂವರೆಗೆ ಬಾಗಿಲಲ್ಲಿ ನೆರಳು ಬಿತ್ತು.

ಉಮಾಶ್ರೀ. ಬಾಗಿಲ ಹೊರಗೇ ನಿಂತಿದ್ದಳು. ಚಪ್ಪಲಿ ಬಿಡಲಿಲ್ಲ.

“ಪೇಪರ್ ಹೇಗಿತ್ತಮ್ಮ?”

“ಛಲೋ ಇತ್ರಿ.”

“ಮುಂದೆ ಏನ್ ಮಾಡ್ತೀಯ?”

“ಎಂ.ಕಾಂ. ಮಾಡತೀನ್ರಿ. ಧಾರವಾಡದಾಗ.”

“ಇಲ್ಲೇ ಮಾಡಬಹುದಾಗಿತ್ತಲ್ಲಾ” ಅಂದೆ. ಒಳಗೆ ಬಾ, ಕೂತ್ಕೋ ಎಂದು ಕರೆಯಬೇಕೆಂದು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವಳು ಕೈ ಮುಗಿದಳು.

“ಹೋಗತೀನ್ರಿ ಮೇಡಂ.”

ಹಾಗನ್ನಬಾರದು. ನಮ್ಮಲ್ಲಿ ಯಾರೂ ಹಾಗನ್ನುವುದಿಲ್ಲ. ಮನೆಯಿಂದ ಹೊರಡುವ ಮಗು ‘ಹೋಗ್ತೀನಿ’ ಅಂದರೆ ಗದರಿಸಿ, ‘ಹೋಗಿ ಬರ್ತೀನಿ’ ಅನ್ನಿಸಿಯೇ ಕಳಿಸುತ್ತೇವೆ. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಮಕ್ಕಳ ಆ ಮಾತನ್ನು ಬಾಗಿಲಲ್ಲೇ ನಿಲ್ಲಿಸಿ ತಿದ್ದಿದ್ದೆನೋ ಲೆಕ್ಕವಿಲ್ಲ. ಅವಳು ತಿಳಿಯದೆ ಅಂದವಳಲ್ಲ. ನನ್ನ ಮುಖ ನೋಡಿಯೇ ಅಂದು, ತಿರುಗಿ ಕಾರಿಡಾರಿನಲ್ಲಿ ನಡೆದಳು. ಅವಳನ್ನು ಕೂಗಿ ಕರೆದು ಆ ಮಾತನ್ನು ತಿದ್ದುವ ಅಧಿಕಾರ ನನಗೆ ಉಳಿದಿರಲಿಲ್ಲ.